ಗುಣವಾದ ಮೇಲೂ ತೀರದ ಬಾಕಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಕೆಲಸವಲ್ಲ. ಅದಕ್ಕಾಗಿ ಮೊದಲು ತಮಗೆಲ್ಲರಿಗೂ ನನ್ನ ಅಭಿನಂದನೆಗಳು. ನನಗೆ ಕೊಟ್ಟ ವಿಷಯ 'ಸಹಕಾರ ಮತ್ತು ಆರೋಗ್ಯ'. ಕೊಟ್ಟ ಸಮಯ ಅರ್ಧ ಗಂಟೆ. ಇಷ್ಟು ದೊಡ್ಡ ವಿಷಯವನ್ನು ಅರ್ಧ ಗಂಟೆಯಲ್ಲಿ ಮುಗಿಸುವ ಶಕ್ತಿ ನನಗಿಲ್ಲ. ಆದ್ದರಿಂದ ಒಂದು ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಕ್ಯಾನ್ಸರ್ ಬಂದು, ಚಿಕಿತ್ಸೆ ಮುಗಿಸಿ, ಗುಣವಾಗಿ ಊರಿಗೆ ಬಂದವರ ಜೊತೆ ಹಣಕಾಸಿನ ವ್ಯವಹಾರದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಆ ಮೂಲೆ. ಹಬ್ಬದ ದಿವಸ ಇಂಥ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಚಪ್ಪರದ ಅಡಿಯಲ್ಲಿಯೇ ಅಂಥವರು ಕೂತಿರಬಹುದು, ಇಲ್ಲವೇ ಅವರ ಮನೆಯವರು ಕೂತಿರಬಹುದು. ಯಾರೆಂದು ನಾನು ಕೇಳುವುದಿಲ್ಲ. ಕೇಳಿದರೂ ಅವರು ಹೇಳಲಿಕ್ಕಿಲ್ಲ. ಯಾಕೆ ಹೇಳುವುದಿಲ್ಲ ಎಂಬುದೇ ಇವತ್ತಿನ ವಿಷಯ.

ನಾನು ಹುಡುಗನಾಗಿದ್ದಾಗ ಈ ರೋಗದ ಹೆಸರನ್ನು ಹಿರಿಯರು ಗಟ್ಟಿಯಾಗಿ ಹೇಳುತ್ತಿರಲಿಲ್ಲ. 'ಆ ಕಾಯಿಲೆ' ಎನ್ನುತ್ತಿದ್ದರು. ಅನುಕೂಲ ಇದ್ದವರು ಬೊಂಬಾಯಿಯ ಟಾಟಾ ಆಸ್ಪತ್ರೆಗೆ ಹೋಗುತ್ತಿದ್ದರು. ಅದು 1941ರಲ್ಲಿ ಆದದ್ದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾದ ಮೇಲೆ ನಮ್ಮ ರಾಜ್ಯದ ಬಡವರಿಗೂ ಒಂದು ದಾರಿ ಆಯಿತು. ಈಗ ಮಂಗಳೂರಿನಲ್ಲಿಯೇ ಚಿಕಿತ್ಸೆ ಉಂಟು. ಬೆಳಗ್ಗಿನ ಬಸ್ಸಿನಲ್ಲಿ ಹೋಗಿ, ಕರೆಂಟು ಕೊಡಿಸಿಕೊಂಡು, ಸಂಜೆ ಮನೆಗೆ ಬರುವವರಿದ್ದಾರೆ. ಮಕ್ಕಳ ರಕ್ತದ ಕ್ಯಾನ್ಸರ್ ಒಂದು ಕಾಲದಲ್ಲಿ ಹೆಚ್ಚು ಕಡಿಮೆ ಸಾವೇ ಆಗಿತ್ತು. ಇವತ್ತು ಸರಿಯಾದ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನ ಮಕ್ಕಳು ಗುಣವಾಗಿ ಶಾಲೆಗೆ ಹೋಗುತ್ತಾರೆ. ಬೇಗ ಗೊತ್ತಾದ ಸ್ತನದ ಕ್ಯಾನ್ಸರ್, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಕೂಡ ಹಾಗೆಯೇ. ಕ್ರಿಕೆಟ್ ಆಟಗಾರ ಯುವರಾಜ್ ಸಿಂಗ್ 2012ರ ಆರಂಭದಲ್ಲಿ ಕೀಮೋ ಚಿಕಿತ್ಸೆ ಪಡೆದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ದೇಶಕ್ಕಾಗಿ ಆಡಿದ್ದನ್ನು ನಮ್ಮ ಹುಡುಗರು ಟಿ.ವಿ.ಯಲ್ಲಿ ಕಂಡಿದ್ದಾರೆ.

(ಅಡಕೆ ಕ್ಯಾನ್ಸರಿಗೆ ಕಾರಣವೋ ಅಲ್ಲವೋ ಎಂಬ ಚರ್ಚೆಗೆ ನಾನು ಇವತ್ತು ಇಳಿಯುವುದಿಲ್ಲ. ಅದಕ್ಕೆ ಬೇರೆ ಸಭೆ ಇಡಿ. ಆವಾಗ ನನ್ನನ್ನು ಕರೆಯಬೇಡಿ.)

ವೈದ್ಯಶಾಸ್ತ್ರ ಇಷ್ಟು ಮುಂದೆ ಬಂತು. ನಮ್ಮ ಲೆಕ್ಕಪುಸ್ತಕ ಮಾತ್ರ ಹಳೆಯ ಕಾಲದಲ್ಲಿಯೇ ನಿಂತಿದೆ. ಒಂದು ಉದಾಹರಣೆ ಹೇಳುತ್ತೇನೆ. ಹೆಸರು, ಊರು ಬೇಡ. ನಮ್ಮ ಕಡೆಯ ಒಬ್ಬರು ಅಕ್ಕ. ಬೀಡಿ ಕಟ್ಟಿ, ಎರಡು ದನ ಸಾಕಿ ಮಕ್ಕಳನ್ನು ಓದಿಸಿದವರು. ಎಂಟೊಂಬತ್ತು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಆಯಿತು. ಶಸ್ತ್ರಚಿಕಿತ್ಸೆ, ಕೀಮೋ, ಕರೆಂಟು ಎಲ್ಲ ಮುಗಿಯಿತು. ಡಾಕ್ಟರು ಈಗ ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು ಎಂದಿದ್ದಾರೆ. ಅವರಿಗೆ ಹಟ್ಟಿಯನ್ನು ಸರಿ ಮಾಡಿ ಇನ್ನೂ ಎರಡು ದನ ಕಟ್ಟಬೇಕು ಎಂದು ಆಸೆ. ಸಾಲಕ್ಕೆ ಅರ್ಜಿ ಹಾಕಿದರು. ಪಹಣಿ ಸರಿ ಇತ್ತು, ಹಳೆಯ ಸಾಲದ ಒಂದು ಕಂತೂ ಸುಸ್ತಿಯಾದದ್ದಿಲ್ಲ. ಸಹಿ ಹಾಕುವ ದಿವಸ ಜಾಮೀನುದಾರರಲ್ಲಿ ಒಬ್ಬರು ಹಿಂದೆ ಸರಿದರು. "ಬೇಜಾರು ಮಾಡಬೇಡಿ, ನಿಮಗೆ ಆ ಕಾಯಿಲೆ ಅಲ್ಲವಾ, ನಾಳೆ ಹೆಚ್ಚು ಕಡಿಮೆ ಆದರೆ ನನ್ನ ತಲೆಗೆ ಬರ್ತದೆ" ಎಂದರಂತೆ. ಆ ಅಕ್ಕ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಡಾಕ್ಟ್ರು ಬಿಟ್ಟರು, ಊರಿನವರು ಬಿಡುವುದಿಲ್ಲ."

ಜಾಮೀನು ಹಾಕುವವರಿಗೆ ಭಯ ಇರುವುದು ತಪ್ಪಲ್ಲ. ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸಾಲ ಕೊಡುವ ಮೇಜಿನ ಹಿಂದೆ ಕೂತವನು. ಭಯ ಇಲ್ಲದವನು ಜಾಮೀನಿಗೆ ಸಹಿ ಹಾಕಲೇಬಾರದು ಎನ್ನುವವನು. ಆದರೆ ಭಯಕ್ಕೂ ಒಂದು ಲೆಕ್ಕ ಬೇಕಲ್ಲ? ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಹಾರುವ ಹುಡುಗನಿಗೆ ಜಾಮೀನು ಹಾಕಲಿಕ್ಕೆ ನಾಲ್ಕು ಜನ ಇದ್ದಾರೆ. ಬಿ.ಪಿ. ಮಾತ್ರೆ ಬಿಟ್ಟು ತಿರುಗುವವರಿಗೂ ಇದ್ದಾರೆ. ಕ್ಯಾನ್ಸರ್ ಗೆದ್ದು, ಪ್ರತಿ ವರ್ಷ ತಪ್ಪದೆ ತಪಾಸಣೆ ಮಾಡಿಸುವ ಹೆಂಗಸಿಗೆ ಒಬ್ಬರೂ ಇಲ್ಲ. ಇದು ಲೆಕ್ಕ ಅಲ್ಲ ಮಾರಾಯ್ರೇ, ಇದು ಹೆದರಿಕೆ ಮಾತ್ರ.

ನಮ್ಮ ತೋಟಕ್ಕೆ ಒಂದು ಮಳೆಗಾಲದಲ್ಲಿ ಕೊಳೆರೋಗ ಬಂತು ಎಂದಿಟ್ಟುಕೊಳ್ಳಿ. ಮದ್ದು ಬಿಟ್ಟೆವು, ತೋಟ ಸುಧಾರಿಸಿತು. ಹತ್ತು ವರ್ಷ ಕಳೆದ ಮೇಲೆ ಒಳ್ಳೆಯ ಚಾಲಿ ಅಡಕೆ ತೆಗೆದುಕೊಂಡು ಹೋದರೆ, 'ಇದು ಕೊಳೆರೋಗದ ತೋಟದ್ದಲ್ಲವಾ' ಎಂದು ಯಾರಾದರೂ ತಿರುಗಿಸಿ ಕಳುಹಿಸುತ್ತಾರಾ? ಅಡಕೆಯನ್ನು ನೋಡುತ್ತಾರೆ, ಕ್ರಯ ಹೇಳುತ್ತಾರೆ. ಮರಕ್ಕೆ ಸಿಗುವ ಈ ನ್ಯಾಯ ಮನುಷ್ಯರಿಗೆ ಸಿಗುವುದಿಲ್ಲ.

ಊರಿನ ಚೀಟಿಯಲ್ಲಿಯೂ ಇದೇ ಕತೆ. 'ಮೊದಲೇ ಎತ್ತಿ ಬಿಟ್ಟರೆ ಉಳಿದ ಕಂತು ಯಾರು ಕಟ್ಟುವುದು' ಎಂದು ನಯವಾಗಿ ಹೊರಗೆ ಇಡುತ್ತಾರೆ. ತೋಟ ವಾಯಿದೆಗೆ ಕೊಡುವವರು ಹಿಂಜರಿಯುತ್ತಾರೆ. ಕೈಸಾಲ ಕೊಟ್ಟವರು ಒಂದು ವಾರ ಮೊದಲೇ ಮನೆಗೆ ಬಂದು 'ಸುಮ್ಮನೆ ಬಂದದ್ದು' ಎಂದು ಜಗಲಿಯಲ್ಲಿ ಕೂರುತ್ತಾರೆ. ಇದನ್ನೆಲ್ಲ ಹೆಚ್ಚು ಹೇಳಬೇಕಾಗಿಲ್ಲ, ತಮಗೆ ಗೊತ್ತಿದ್ದದ್ದೇ.

ಇನ್ನು ಪೇಟೆಯ ಕಡೆಗೆ, ಬ್ಯಾಂಕು ಮತ್ತು ವಿಮೆಯ ಕಡೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಬೇಕು. ಯಾಕೆಂದರೆ ಇಲ್ಲಿ ನಮ್ಮ ಜನ ನೋಡದೆ ಬೀಳುವ ಒಂದು ಗುಂಡಿ ಉಂಟು.

ಮನೆ ಸಾಲ, ವಾಹನ ಸಾಲ ಕೊಡುವಾಗ 'ಸಾಲಕ್ಕೊಂದು ವಿಮೆ' ಎಂದು ಮಾಡಿಸುತ್ತಾರೆ. ಸಾಲಗಾರ ತೀರಿಕೊಂಡರೆ ವಿಮಾ ಕಂಪನಿ ಉಳಿದ ಸಾಲ ಕಟ್ಟುತ್ತದೆ. ಒಳ್ಳೆಯ ವ್ಯವಸ್ಥೆಯೇ. ಅದರ ಕಂತನ್ನು ಸಾಲದ ಮೊತ್ತಕ್ಕೆ ಸೇರಿಸುತ್ತಾರೆ. ಜೊತೆಗೆ 'ನನ್ನ ಆರೋಗ್ಯ ಉತ್ತಮವಾಗಿದೆ' ಎಂಬ ಘೋಷಣೆಯ ಒಂದು ಹಾಳೆ ಇರುತ್ತದೆ. ಕ್ಯಾನ್ಸರ್ ಇತ್ತೇ, ಹೃದಯದ ಕಾಯಿಲೆ ಇತ್ತೇ, ಶಸ್ತ್ರಚಿಕಿತ್ಸೆ ಆಗಿತ್ತೇ ಎಂದು ಸಣ್ಣ ಸಣ್ಣ ಚೌಕಗಳು. ಇಂಗ್ಲಿಷಿನಲ್ಲಿ. ಸಾಲ ಬೇಗ ಆಗಲಿ ಎಂಬ ಅವಸರದಲ್ಲಿ ಮೇಜಿನ ಆಚೆ ಇದ್ದವರು ಎಲ್ಲದಕ್ಕೂ 'ಇಲ್ಲ' ಎಂದು ಗೀಟು ಹಾಕುತ್ತಾರೆ. ಈಚೆ ಇದ್ದವರು ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಎರಡು ವರ್ಷ ಬಿಟ್ಟು ಆ ಮನುಷ್ಯ ತೀರಿಕೊಂಡರೆ ವಿಮಾ ಕಂಪನಿ ಆಸ್ಪತ್ರೆಯಿಂದ ಹಳೆಯ ಕಾಗದ ತರಿಸುತ್ತದೆ. 'ಹಳೆಯ ಕಾಯಿಲೆ ಮುಚ್ಚಿಟ್ಟಿದ್ದಾರೆ, ಹಣ ಕೊಡುವುದಿಲ್ಲ' ಎನ್ನುತ್ತದೆ. ಸಾಲ ಹೆಂಡತಿಯ ತಲೆಗೆ. ಇಂಥ ಕಡತಗಳನ್ನು ನಾನು ಸೇವೆಯಲ್ಲಿದ್ದಾಗ ನೋಡಿದ್ದೇನೆ. ಯಾವ ಬ್ಯಾಂಕು, ಯಾವ ಕಂಪನಿ ಎಂದು ಹೇಳುವುದಿಲ್ಲ, ಒಂದೇ ಕಡೆಯದ್ದಲ್ಲ ಅದು.

ಆದ್ದರಿಂದ ಮೊದಲ ಮಾತು: ಆ ಹಾಳೆಯನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಓದುವ ಮಕ್ಕಳನ್ನು ಕರೆದುಕೊಂಡು ಹೋಗಿ. ಸಾಲ ಬೇಕಾದರೆ ಜೀವವಿಮೆ ಮಾಡಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ, ಅದು ಸಾಲಗಾರನ ಇಷ್ಟ. ಕಾಯಿಲೆ ಇದ್ದದ್ದು ಹೌದಾದರೆ ಹೌದು ಎಂದೇ ಬರೆಯಿರಿ. ಚಿಕಿತ್ಸೆ ಮುಗಿದ ವರ್ಷ, ಈಗ ರೋಗ ಇಲ್ಲ ಎಂಬ ಡಾಕ್ಟರ ಪತ್ರ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ ಎಲ್ಲವನ್ನೂ ಜೊತೆಗೆ ಕೊಡಿ. ಬೇಡ ಎಂದರೆ ಬೇಡ ಎಂಬುದನ್ನು ಬರಹದಲ್ಲಿ ಕೇಳಿ.

1938ರ ವಿಮಾ ಕಾಯ್ದೆಯಲ್ಲಿ 45ನೆಯ ಕಲಮು ಎಂದು ಒಂದು ಉಂಟು. 2015ರ ತಿದ್ದುಪಡಿಯ ನಂತರ ಅದರ ಪ್ರಕಾರ, ಜೀವವಿಮೆಯ ಪಾಲಿಸಿ ಆಗಿ 3 ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ ಅದನ್ನು ಕಂಪನಿ ಪ್ರಶ್ನಿಸುವ ಹಾಗಿಲ್ಲ. ಹಾಗೆಂದು 3 ವರ್ಷ ಹೇಗಾದರೂ ಕಳೆದರೆ ಸಾಕು ಎಂದು ಸುಳ್ಳು ಬರೆಯುವುದು ಬುದ್ಧಿವಂತಿಕೆಯಲ್ಲ. ಆಯುಷ್ಯ ನಮ್ಮ ಕೈಯಲ್ಲಿಲ್ಲ.

ಆರೋಗ್ಯ ವಿಮೆಯಲ್ಲಿ 2024ರಿಂದ ಕೆಲವು ಒಳ್ಳೆಯ ಬದಲಾವಣೆ ಆಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ 4 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಸತತವಾಗಿ 5 ವರ್ಷ ಕಂತು ಕಟ್ಟಿದ ಮೇಲೆ, ವಂಚನೆ ಎಂದು ಸಾಬೀತಾದ ಹೊರತು, 'ನೀವು ಹಿಂದಿನದ್ದು ಹೇಳಿರಲಿಲ್ಲ' ಎಂದು ಕ್ಲೇಮು ತಳ್ಳುವ ಹಾಗಿಲ್ಲ. ಎಲ್ಲ ವಯಸ್ಸಿನವರಿಗೂ, ಮೊದಲೇ ಕಾಯಿಲೆ ಇದ್ದವರಿಗೂ ಕಂಪನಿಗಳು ಪಾಲಿಸಿ ಇಟ್ಟುಕೊಂಡಿರಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಆದರೆ ಒಬ್ಬೊಬ್ಬರ ಅರ್ಜಿಯನ್ನು ಒಪ್ಪುವುದು, ಎಷ್ಟು ಕಂತು ಹಾಕುವುದು ಎಂಬುದು ಕಂಪನಿಯ ಕೈಯಲ್ಲಿಯೇ ಉಳಿದಿದೆ. ಪಾಲಿಸಿ ಇದ್ದಾಗಲೇ ಕ್ಯಾನ್ಸರ್ ಬಂದವರು ಒಂದು ವಿಷಯ ನೆನಪಿಡಿ. ನೀವು ಹಿಂದಿನ ವರ್ಷ ಕ್ಲೇಮು ಮಾಡಿದಿರಿ ಎಂಬ ಕಾರಣಕ್ಕೆ ಕಂಪನಿ ನವೀಕರಣ ನಿರಾಕರಿಸುವ ಹಾಗಿಲ್ಲ. ದನ ಮಾರಿಯಾದರೂ ಆ ಕಂತು ಕಟ್ಟಿ. ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಅನ್ಯಾಯ ಆದರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ವಕೀಲರು ಬೇಡ, ಫೀಸು ಇಲ್ಲ.

ವಿಮೆಯವರ ಮಾತಿನಲ್ಲಿಯೂ ನ್ಯಾಯ ಉಂಟು. ಮನೆಗೆ ಬೆಂಕಿ ಹತ್ತಿದ ಮೇಲೆ ವಿಮೆ ಮಾಡುತ್ತೇನೆ ಎಂದರೆ ಯಾರೂ ಒಪ್ಪಲಿಕ್ಕಿಲ್ಲ. ಕ್ಯಾನ್ಸರ್ ಮರುಕಳಿಸುವುದೂ ಉಂಟು. ಇಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಆದರೆ ಹಲವು ಬಗೆಯ ಕ್ಯಾನ್ಸರಿನಲ್ಲಿ ವರ್ಷ ಹೋದ ಹಾಗೆ ಆ ಅಪಾಯ ಕಡಿಮೆಯಾಗುತ್ತ ಬರುತ್ತದೆ. ಅಪಾಯ ಇಳಿದರೂ ಪ್ರಶ್ನೆ ಮಾತ್ರ ಸಾಯುವ ತನಕ ಇರಬೇಕು ಎನ್ನುವುದರಲ್ಲಿ ಅನ್ಯಾಯ ಇದೆ.

ನಮ್ಮಲ್ಲಿ ಪ್ರೋನೋಟಿಗೆ ವಾಯಿದೆ ಎಷ್ಟು? 3 ವರ್ಷ. ಅಷ್ಟರೊಳಗೆ ದಾವೆ ಹೂಡದಿದ್ದರೆ, ನೋಟು ಬದಲಿಸದಿದ್ದರೆ, ಕೋರ್ಟು ಕೇಳುವುದಿಲ್ಲ. ತೆಗೆದುಕೊಂಡ ಹಣಕ್ಕೇ ಕಾನೂನು ಹಾಗೊಂದು ಗಡುವು ಇಟ್ಟಿದೆ. ಯಾರ ತಪ್ಪೂ ಅಲ್ಲದೆ ಬಂದು ಹೋದ ಕಾಯಿಲೆಗೆ ಗಡುವು ಇಲ್ಲವಾ?

ಹೊರದೇಶಗಳಲ್ಲಿ ಇದನ್ನು ಕಾನೂನಿನಲ್ಲಿಯೇ ಮಾಡಿದ್ದಾರೆ. ಫ್ರಾನ್ಸ್ ದೇಶ 2016ರಲ್ಲಿ ಕಾಯ್ದೆ ತಂದಿತು. ಅದಕ್ಕೆ ಅವರು 'ಮರೆಯಲ್ಪಡುವ ಹಕ್ಕು' ಎನ್ನುತ್ತಾರೆ. ಚಿಕಿತ್ಸೆ ಮುಗಿದು 10 ವರ್ಷ ಆಗಿ ರೋಗ ಮರುಕಳಿಸದಿದ್ದರೆ, ಸಾಲದ ವಿಮೆಗೆ ಅರ್ಜಿ ಹಾಕುವಾಗ ಆ ಕ್ಯಾನ್ಸರಿನ ವಿಷಯ ಹೇಳಬೇಕಾಗಿಲ್ಲ, ಕಂಪನಿಯೂ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. 2022ರಲ್ಲಿ ಆ 10 ವರ್ಷವನ್ನು 5ಕ್ಕೆ ಇಳಿಸಿದರು. ತಲಾ 2 ಲಕ್ಷ ಯೂರೋ ಒಳಗಿನ, 60 ವರ್ಷ ತುಂಬುವ ಮೊದಲು ತೀರುವ ಮನೆ ಸಾಲಕ್ಕೆ ಆರೋಗ್ಯದ ಪ್ರಶ್ನೆಯನ್ನೇ ಕೇಳಬಾರದು ಎಂದೂ ಸೇರಿಸಿದರು. ಬೆಲ್ಜಿಯಂ, ನೆದರ್ಲೆಂಡ್ಸ್, ಪೋರ್ಚುಗಲ್, ಸ್ಪೇನ್, ಇಟಲಿಗಳೂ ಇಂಥ ಕಾಯ್ದೆ ಮಾಡಿದವು. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, 2026ರ ನವೆಂಬರಿನಿಂದ, ಸಾಲದ ಜೊತೆಗಿನ ವಿಮೆಯಲ್ಲಿ 15 ವರ್ಷಕ್ಕಿಂತ ಹಳೆಯ ಕ್ಯಾನ್ಸರನ್ನು ಕೆದಕುವ ಹಾಗಿಲ್ಲ. ಆರನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಗುಣವಾದ ಹುಡುಗ ಇಪ್ಪತ್ತನಾಲ್ಕಕ್ಕೆ ಟ್ಯಾಕ್ಸಿಗೆ ಸಾಲ ಕೇಳಿದರೆ, ಅವನ ಬಾಲ್ಯವನ್ನು ಅವನ ಮುಖಕ್ಕೆ ಹಿಡಿಯಬಾರದು. ಇದರ ತಿರುಳು ಇಷ್ಟೇ.

ಭಾರತದಲ್ಲಿ ಕ್ಯಾನ್ಸರ್ ಗುಣವಾದವರಿಗೆ ಇಂಥ ಕಾಯ್ದೆ ಇಲ್ಲ. ಆದರೆ ನೆಲ ಹದವಾಗಿಯೇ ಇದೆ. 1995ರಲ್ಲಿ ಸುಪ್ರೀಂ ಕೋರ್ಟು ಜೀವವಿಮಾ ನಿಗಮದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆಗ ಕಡಿಮೆ ಕಂತಿನ ಒಂದು ಪಾಲಿಸಿಯನ್ನು ಸರಕಾರಿ ನೌಕರರಿಗೆ, ದೊಡ್ಡ ಕಂಪನಿಯ ಸಂಬಳದವರಿಗೆ ಮಾತ್ರ ಕೊಡುತ್ತಿದ್ದರು. ಸಂಬಳ ಇಲ್ಲದವರನ್ನು, ಎಂದರೆ ನಮ್ಮಂಥ ಕೃಷಿಕರನ್ನು, ಹೊರಗಿಡುವುದು ಸಂವಿಧಾನದ ಸಮಾನತೆಗೆ ವಿರುದ್ಧ ಎಂದಿತು ಕೋರ್ಟು. 2017ರ ಎಚ್.ಐ.ವಿ. ಕಾಯ್ದೆಯಲ್ಲಿ, ಲೆಕ್ಕಶಾಸ್ತ್ರದ ಆಧಾರ ಇಲ್ಲದೆ ಎಚ್.ಐ.ವಿ. ಇರುವವರಿಗೆ ವಿಮೆ ನಿರಾಕರಿಸುವ ಹಾಗಿಲ್ಲ ಎಂದು ಬರೆದಿದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದಿದೆ. ಆ ಎರಡಕ್ಕೆ ಆದದ್ದು ಮೂರನೆಯದಕ್ಕೆ ಆಗಬಾರದೆಂದೇನಿಲ್ಲ. ಕೇಳುವವರು ಬೇಕು, ಅಷ್ಟೆ.

ಆದರೆ ನನಗೆ ಒಂದು ಸಂಶಯ ಉಂಟು. ಫ್ರಾನ್ಸಿನ ಕಾಯ್ದೆ ಕಡತದಿಂದ ಒಂದು ಹಾಳೆಯನ್ನು ತೆಗೆಯುತ್ತದೆ. ನಮ್ಮ ಊರಿನಲ್ಲಿ ಕಡತ ಎಲ್ಲಿ ಉಂಟು? ಪುರುಷರಕಟ್ಟೆಯ ಹೋಟೆಲಿನಲ್ಲಿ ಚಹಾ ಕುಡಿಯುವವರ ನಾಲಗೆಯಲ್ಲಿ ಉಂಟು. ಬೆಂಗಳೂರಿನ ಬ್ಯಾಂಕಿಗೆ ಆ ಅಕ್ಕ ಯಾರೆಂದೇ ಗೊತ್ತಿಲ್ಲ. ಇಲ್ಲಿ ಅವರು ಯಾವ ತಾರೀಕಿಗೆ ಮಂಗಳೂರಿಗೆ ಹೋದರು, ಕೂದಲು ಯಾವಾಗ ಉದುರಿತು, ಎಲ್ಲವೂ ಎಲ್ಲರಿಗೂ ಗೊತ್ತು.

1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಸಾಲದ ಮೂಲ ಬಂಡವಾಳವೇ ಈ 'ಎಲ್ಲರಿಗೂ ಎಲ್ಲ ಗೊತ್ತು' ಎಂಬುದು. ಸಾಹುಕಾರ ಚಿನ್ನ ನೋಡಿ ಸಾಲ ಕೊಟ್ಟ, ಸಂಘ ನಡತೆ ನೋಡಿ ಕೊಟ್ಟಿತು. ನೆರೆಕರೆಯವರಿಗೆ ಒಬ್ಬರ ನಡತೆ ಗೊತ್ತಿರುತ್ತದೆ, ಅದೇ ಅಡವು. ಹಾಗಾದರೆ ಒಂದು ಕಂತೂ ತಪ್ಪಿಸದ ಆ ಅಕ್ಕನ ನಡತೆ ಗೊತ್ತಿದ್ದವರು ನಾವು. ಆ ಗೊತ್ತಿರುವಿಕೆಯನ್ನು ಬದಿಗಿಟ್ಟು, ಅವರ ಕಾಯಿಲೆಯ ಗೊತ್ತಿರುವಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ನಾವು ಸಂಘ ಕಟ್ಟಿದ್ದು ಯಾತಕ್ಕೆ?

ಸಹಕಾರದಲ್ಲಿ ಇದಕ್ಕೆ ದಾರಿ ಇದೆ ಎಂಬುದಕ್ಕೆ ನಮ್ಮದೇ ಯಶಸ್ವಿನಿ ಯೋಜನೆ ಸಾಕ್ಷಿ. 2003ರಲ್ಲಿ ಅದು ಜಾರಿಗೆ ಬಂದಾಗ ಒಬ್ಬ ಸದಸ್ಯನಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅದರ ಹಿಂದೆ ದುಡಿದವರು ನಮ್ಮ ಜಿಲ್ಲೆಯ ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟರು. ಸಂಘದ ಸದಸ್ಯನೇ ಎಂದು ಕೇಳಿದರು, ನಿನಗೆ ಹಿಂದೆ ಎಂತ ಕಾಯಿಲೆ ಇತ್ತು ಎಂದು ಕೇಳಲಿಲ್ಲ. ಲಕ್ಷಗಟ್ಟಲೆ ಜನ ಸೇರಿ ಐದೈದು ರೂಪಾಯಿ ಹಾಕಿದರೆ ಆ ಪ್ರಶ್ನೆ ಕೇಳುವ ಅಗತ್ಯವೇ ಇರುವುದಿಲ್ಲ ಎಂಬುದನ್ನು ಕರ್ನಾಟಕದ ರೈತರು ತೋರಿಸಿಕೊಟ್ಟರು. ಅದರಲ್ಲಿ ಕೊರತೆಯೂ ಇತ್ತು. ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಷ್ಟೇ ಸೇರಿದ್ದವು, ಕೀಮೋ ಹೊರಗಿತ್ತು. 2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು. ಆಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದ ತನಕ ಚಿಕಿತ್ಸೆ ಎಂದು ಇಟ್ಟರು. ಯಾವ ಚಿಕಿತ್ಸೆ ಪಟ್ಟಿಯಲ್ಲಿ ಉಂಟು ಎಂದು ನೋಡಿಕೊಂಡು ಸೇರಿ.

ಇದರ ಜೊತೆಗೆ ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತದೆ. ಬೀಡಿ ಕಾರ್ಮಿಕರ ಗುರುತುಚೀಟಿ ಇದ್ದವರಿಗೆ ಕಲ್ಯಾಣ ನಿಧಿಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಸಹಾಯ ಉಂಟು. ಆ ಚೀಟಿಯನ್ನು ಪೆಟ್ಟಿಗೆಯ ಅಡಿಯಲ್ಲಿ ಇಟ್ಟು ಮರೆತವರು ಎಷ್ಟೋ ಜನ. 18ರಿಂದ 50 ವರ್ಷದ ಒಳಗಿನವರು ಬ್ಯಾಂಕ್ ಅಥವಾ ಅಂಚೆ ಖಾತೆಯ ಮೂಲಕ ಜೀವನ ಜ್ಯೋತಿ ವಿಮೆಗೆ ಸೇರಬಹುದು. 2022ರಿಂದ ಅದರ ಕಂತು ವರ್ಷಕ್ಕೆ 436 ರೂಪಾಯಿ, ವಿಮೆ 2 ಲಕ್ಷ. ವೈದ್ಯಕೀಯ ಪರೀಕ್ಷೆ ಇಲ್ಲ. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಅನ್ವಯ.

ಇನ್ನು ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ. ಮುಂದಿನ ಮಹಾಸಭೆಗೆ ಒಂದು ನಿರ್ಣಯ ತನ್ನಿ. ಚಿಕಿತ್ಸೆ ಮುಗಿದು 5 ವರ್ಷ ಆದ ಸದಸ್ಯರ ಸಾಲದ ಅರ್ಜಿಯಲ್ಲಿ ಆ ಕಾಯಿಲೆಯ ಪ್ರಸ್ತಾಪ ಬರತಕ್ಕದ್ದಲ್ಲ ಎಂದು. ಸಾಲ ಉಪಸಮಿತಿಯಲ್ಲಿ ಯಾರಾದರೂ ಬಾಯಿ ತೆರೆದರೆ ಅಧ್ಯಕ್ಷರು ತಡೆಯಬೇಕು. ಅಲ್ಲಿ ಆಡಿದ ಮಾತು ಹೊರಗೆ ಬರಬಾರದು. ಜಾಮೀನುದಾರರು ಸಿಗದವರಿಗೆ ಬೇರೆ ದಾರಿ ಇಡಿ: ಸ್ವಸಹಾಯ ಗುಂಪಿನ ಒಟ್ಟು ಜಾಮೀನು, ಠೇವಣಿಯ ಆಧಾರ, ಹಾಲಿನ ಹಣದಿಂದ ಕಂತು ಕಡಿತ. ಉಪನಿಯಮ ಎಲ್ಲಿಯ ತನಕ ಬಿಡುತ್ತದೆ ಎಂದು ಇಲಾಖೆಯವರಲ್ಲಿ ಕೇಳಿ ಮಾಡಿ.

ಚಿಕಿತ್ಸೆಯಲ್ಲಿ ಇರುವವರದ್ದು ಇನ್ನೊಂದು ಕಷ್ಟ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023–24ರ ಬಜೆಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಕೀಮೋ ನಡೆಯುವ ತಿಂಗಳಿನಲ್ಲಿಯೇ ಗಡುವು ಬಂದರೆ ಆ ಮನೆಯವರಿಗೆ ನೆನಪು ಎಲ್ಲಿಂದ ಬರಬೇಕು? ಒಂದು ದಿನ ದಾಟಿದರೂ ಬಡ್ಡಿ ಬಿತ್ತು, ಸುಸ್ತಿದಾರ ಎಂದು ಹೆಸರೂ ಬಿತ್ತು. ಅಂಥ ಮನೆಗೆ ಒಂದು ತಿಂಗಳು ಮೊದಲೇ ಸಂಘದ ಸಿಬ್ಬಂದಿ ಹೋಗಿ ನೆನಪಿಸಲಿ. ಲಾಭಾಂಶದಲ್ಲಿ ಸ್ವಲ್ಪ ತೆಗೆದು ಒಂದು ಸಣ್ಣ ನಿಧಿ ಇಟ್ಟರೆ, ಗಡುವು ತಪ್ಪದ ಹಾಗೆ ಕೈ ಹಿಡಿಯಬಹುದು. ಈ ಬೆಳ್ಳಿಹಬ್ಬದ ಖರ್ಚಿನಲ್ಲಿ ಏನಾದರೂ ಉಳಿದರೆ ಅಲ್ಲಿಂದಲೇ ಶುರು ಮಾಡಿ. ಉಳಿಯುವುದಿಲ್ಲ ಎಂದು ಖಜಾಂಚಿಯವರ ಮುಖವೇ ಹೇಳುತ್ತಾ ಉಂಟು, ಆದರೂ ಹೇಳಿದೆ.

ಆ ಅಕ್ಕನ ಅರ್ಜಿ ಏನಾಯಿತು ಎಂದು ತಾವು ಕೇಳಬಹುದು. ಅವರು ಹಿಂದೆ ತೆಗೆದುಕೊಂಡರು. ಹಟ್ಟಿ ಹಾಗೆಯೇ ಉಂಟು, ದನ ಎರಡೇ ಉಂಟು. ಮತ್ತೆ ಅರ್ಜಿ ಹಾಕಿ ಎಂದು ನಾನು ಹೇಳಿದ್ದೇನೆ. ಒಂದು ಜಾಮೀನು ನನ್ನದು, ಇನ್ನೊಂದು ಬೇಕು. ಸಭೆ ಮುಗಿದ ಮೇಲೆ ನಾನು ಊಟದ ಚಪ್ಪರದ ಹತ್ತಿರ ಇರುತ್ತೇನೆ. ಯಶಸ್ವಿನಿಯ ವಿಚಾರ ಕೇಳುವವರು ಕಾರ್ಯದರ್ಶಿಯವರನ್ನು ಕಾಣಬಹುದು.